ದನದ ಡಾಕ್ಟರು ಉಳಿಸಿಕೊಟ್ಟ ಕಾಕಟೀಲ್

ನಾನಿರುವುದು ಮಲೆನಾಡಿನ ಸಾಗರ ಪಟ್ಟಣದಲ್ಲಿ. ಇಲ್ಲಿನ ಪಶು ಆಸ್ಪತ್ರೆಗೆ ಬರುವುದು ಹಸು, ಎಮ್ಮೆ, ಆಡು, ಒಂದಿಷ್ಟು ನಾಯಿಗಳು. ಹಕ್ಕಿಗಳನ್ನೇ ನೋಡುವ ವೈದ್ಯರು ಬೇಕೆಂದರೆ ಬೆಂಗಳೂರಿಗೆ ಹೋಗಬೇಕು, ಅಂದರೆ ಒಂದು ಇಡೀ ರಾತ್ರಿಯ ಬಸ್ ಪ್ರಯಾಣ. ಸುಮಾರು 90 ಗ್ರಾಂ ತೂಗುವ ಜೀವ ಕಾಯಿಲೆ ಬಿದ್ದಾಗ ಅಷ್ಟು ಹೊತ್ತು ತಡೆಯುವುದಿಲ್ಲ.

ಆದ್ದರಿಂದ ಚಿನ್ನಿ ಎಂಬ ನನ್ನ ಕಾಕಟೀಲ್ (ಜುಟ್ಟಿರುವ ಪುಟ್ಟ ಸಾಕುಗಿಳಿ) ಮನೆಗೆ ಬಂದ ಹೊಸತರಲ್ಲೇ ಬೆಂಗಳೂರಿನ ಕ್ಲಿನಿಕ್‌ಗಳಿಗೆ ಫೋನ್ ಮಾಡತೊಡಗಿದೆ. ‘ನಾಯಿ, ಬೆಕ್ಕು ಮಾತ್ರ’ ಎಂದವರೇ ಹೆಚ್ಚು. ಹಕ್ಕಿ ನೋಡುತ್ತೇವೆ ಎಂದವರಿಗೆ ಇನ್ನೊಂದು ಪ್ರಶ್ನೆ ಹಾಕುತ್ತಿದ್ದೆ: ‘ತುರ್ತು ಬಂದರೆ ನಮ್ಮೂರಿನ ಡಾಕ್ಟರ ಜೊತೆ ಫೋನಿನಲ್ಲಿ ಮಾತನಾಡುತ್ತೀರಾ?’ ಒಪ್ಪಿದ ವೈದ್ಯರೊಬ್ಬರ ನಂಬರನ್ನು ಮೊಬೈಲಿನಲ್ಲಿ ಹಾಕಿಕೊಂಡದ್ದಲ್ಲದೆ ಅಡುಗೆಮನೆಯ ಗೋಡೆಯ ಮೇಲೂ ಬರೆದಿಟ್ಟೆ. ನನ್ನ ಹಕ್ಕಿ ಬದುಕಿದ್ದರಲ್ಲಿ ಆ ಎರಡನೆಯ ಪ್ರಶ್ನೆಯ ಪಾಲೇ ದೊಡ್ಡದು ಎಂದು ನಾನು ಖಂಡಿತವಾಗಿ ಹೇಳುತ್ತೇನೆ.

ಚಿನ್ನಿ ಹೆಣ್ಣು. ಮನೆಯಲ್ಲಿ ಗಂಡು ಕಾಕಟೀಲ್ ಇಲ್ಲ. ಗಂಡಿಲ್ಲದೆಯೂ ಹೆಣ್ಣು ಮೊಟ್ಟೆಯಿಡುತ್ತದೆ. ಕೋಳಿ ಸಾಕಿದವರಿಗೆ ಇದು ಹೊಸ ಮಾತಲ್ಲ. ಕಾಕಟೀಲ್ ಸಾಮಾನ್ಯವಾಗಿ ದಿನ ಬಿಟ್ಟು ದಿನ ಒಂದರಂತೆ ನಾಲ್ಕರಿಂದ ಆರು ಮೊಟ್ಟೆ ಇಡುತ್ತದೆ. ಜುಲೈ ತಿಂಗಳ ಜಡಿಮಳೆಯಲ್ಲಿ ಚಿನ್ನಿ ಮೊದಲ ಮೊಟ್ಟೆ ಇಟ್ಟಳು. ಎರಡನೆಯದು ಬರಬೇಕಾದ ದಿನ ಬೆಳಿಗ್ಗೆ ಪಂಜರದ ಮೇಲಿನ ಬಟ್ಟೆ ಸರಿಸಿದರೆ ಅವಳು ಕೋಲಿನ ಮೇಲಿರಲಿಲ್ಲ. ತಳದಲ್ಲಿ ಕಾಲು ಅಗಲಿಸಿ, ಗರಿಗಳನ್ನೆಲ್ಲ ಉಬ್ಬಿಸಿಕೊಂಡು ಕೂತಿದ್ದಳು. ಒಂದೊಂದು ಉಸಿರಿಗೂ ಬಾಲ ಮೇಲೆ ಕೆಳಗೆ ಆಡುತ್ತಿತ್ತು. ಬೆರಳು ಕೊಟ್ಟೆ, ಎಡಗಾಲು ಹಿಡಿಯಿತು, ಬಲಗಾಲು ಜಾರಿತು. ಒಳಗೆ ಸಿಕ್ಕಿಕೊಂಡ ಮೊಟ್ಟೆ ಕಾಲಿನ ನರವನ್ನು ಒತ್ತಿದಾಗ ಹೀಗಾಗುತ್ತದೆ. ಹಕ್ಕಿಗಳು ಕಾಯಿಲೆಯನ್ನು ಕೊನೆಯವರೆಗೂ ಮುಚ್ಚಿಡುವ ಪ್ರಾಣಿಗಳು. ಅವು ತಳಕ್ಕಿಳಿದು ಕೂತವು ಎಂದರೆ ‘ನಾಳೆ ನೋಡೋಣ’ ಎನ್ನುವ ಮಾತೇ ಇಲ್ಲ.

ಮೊದಲು ಬೇಕಾದದ್ದು ಶಾಖ. ಮಳೆಗೆ ಕರೆಂಟ್ ಹೋಗಿತ್ತು, ಬಲ್ಬಿನ ಆಸೆ ಬಿಟ್ಟು ಬಿಸಿನೀರಿನ ಬಾಟಲಿಯನ್ನು ಟವೆಲ್‌ನಲ್ಲಿ ಸುತ್ತಿ ರಟ್ಟಿನ ಪೆಟ್ಟಿಗೆಯ ಒಂದು ಮಗ್ಗುಲಲ್ಲಿ ಇಟ್ಟೆ. ಒಂದೇ ಮಗ್ಗುಲಲ್ಲಿ ಇಡುವುದಕ್ಕೆ ಕಾರಣವಿದೆ: ಸೆಕೆಯೆನಿಸಿದರೆ ಹಕ್ಕಿ ಆಚೆ ಸರಿಯಬೇಕು. ರೆಕ್ಕೆ ಅಗಲಿಸಿ ಬಾಯಿ ತೆರೆದು ಏದುಸಿರು ಬಿಟ್ಟರೆ ಶಾಖ ಹೆಚ್ಚಾಯಿತೆಂದು ಅರ್ಥ. ಪೆಟ್ಟಿಗೆಯೊಳಗಿನ ಥರ್ಮಾಮೀಟರ್ 30 ಡಿಗ್ರಿಯ ಆಸುಪಾಸಿನಲ್ಲಿ ನಿಲ್ಲುವಂತೆ ನೋಡಿಕೊಂಡೆ. ತಳಕ್ಕೆ ಮೆತ್ತನೆಯ ಬಟ್ಟೆ, ಕೋಲು ಬೇಡ, ಮೇಲೆ ಕತ್ತಲು. ನೆರೆಮನೆಯ ಅಜ್ಜಿ ಪ್ರೀತಿಯಿಂದಲೇ ‘ಹೊಟ್ಟೆ ಸ್ವಲ್ಪ ಒತ್ತಿ ನೋಡು, ಹರಳೆಣ್ಣೆ ಹಚ್ಚು’ ಎಂದರು. ‘ಬೇಡ ಅಜ್ಜಿ, ಒಳಗೇ ಒಡೆದರೆ ಹಕ್ಕಿ ಹೋಗಿಬಿಡುತ್ತದೆ’ ಎಂದೆ. ಒತ್ತುವುದನ್ನು ಮಾತ್ರ ಯಾರೂ ಮಾಡಬಾರದು.

ಪಶು ಆಸ್ಪತ್ರೆಯ ಡಾಕ್ಟರು ಪೆಟ್ಟಿಗೆಯೊಳಗೆ ಇಣುಕಿ ನೋಡಿ ನೇರವಾಗಿಯೇ ಹೇಳಿದರು: ‘ಅಮ್ಮಾ, ನಾನು ಈ ಹಕ್ಕಿಗೆ ಔಷಧಿ ಕೊಟ್ಟವನಲ್ಲ.’ ಆ ಪ್ರಾಮಾಣಿಕತೆಗೆ ನಾನು ಇವತ್ತಿಗೂ ಋಣಿ. ‘ಕೊಟ್ಟವರು ಫೋನಿನಲ್ಲಿದ್ದಾರೆ ಸರ್’ ಎಂದು ಮೊಬೈಲ್ ಕೈಗಿತ್ತೆ. ಆಚೆಯಿಂದ ಪ್ರಶ್ನೆಗಳು ಬಂದವು: ತೂಕ ಎಷ್ಟು, ಹಿಂದಿನ ಮೊಟ್ಟೆ ಯಾವಾಗ, ಹಿಕ್ಕೆ ಹಾಕಿದ್ದು ಯಾವಾಗ, ಕಾಲಿನಲ್ಲಿ ಹಿಡಿತವಿದೆಯೇ, ಏನು ತಿನ್ನುತ್ತದೆ. ಉತ್ತರಗಳನ್ನು ಚೀಟಿಯಲ್ಲಿ ಬರೆದು ತಂದಿದ್ದೆ. ತೂಕ ಅಂದು ಬೆಳಿಗ್ಗೆ ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ನೋಡಿದ್ದು. ಇಂಥ ಪುಟ್ಟ ಜೀವಕ್ಕೆ ಔಷಧಿಯ ಪ್ರಮಾಣ ನಿಂತಿರುವುದೇ ಗ್ರಾಂ ಲೆಕ್ಕದ ಮೇಲೆ.

ನನ್ನ ಮನಸ್ಸಿನಲ್ಲಿ ಅಚ್ಚೊತ್ತಿದ್ದು ಆಮೇಲಿನ ಮಾತುಕತೆ. ಮೊಟ್ಟೆಯನ್ನು ಹೊರದೂಡುವ ಸ್ನಾಯು ಬಿಗಿಯಾಗಲು ಕ್ಯಾಲ್ಸಿಯಂ ಬೇಕು. ಚಿಪ್ಪು ಕಟ್ಟಲು ಅದು ಮೊದಲೇ ಖರ್ಚಾಗಿರುತ್ತದೆ ಎಂದು ಬೆಂಗಳೂರಿನವರು ವಿವರಿಸುತ್ತಿದ್ದಂತೆ ನಮ್ಮ ಡಾಕ್ಟರ ಮುಖ ಅರಳಿತು. ‘ಅಂದರೆ ಕರು ಹಾಕಿದ ಹಸುವಿಗೆ ಬರುವ ಹಾಲು ಜ್ವರದ ಜಾತಿಯದ್ದೇ!’ ಎಂದರು. ಮಲೆನಾಡಿನ ಕೊಟ್ಟಿಗೆಗಳಲ್ಲಿ ಕ್ಯಾಲ್ಸಿಯಂ ಏರಿಸಿ ಎಷ್ಟೋ ಹಸುಗಳನ್ನು ಎಬ್ಬಿಸಿ ನಿಲ್ಲಿಸಿದವರು ಅವರು. ಆ ಗಳಿಗೆಯಿಂದ ಅವರ ಕೈಯಲ್ಲಿದ್ದ ಅಳುಕು ಹೋಯಿತು. ಮನುಷ್ಯರ ಔಷಧಿ ಅಂಗಡಿಯಿಂದ ಕ್ಯಾಲ್ಸಿಯಂ ಗ್ಲುಕೋನೇಟ್ ತರಿಸಿ, ಹೇಳಿದಷ್ಟೇ ತೆಳುಮಾಡಿ, ಇನ್ಸುಲಿನ್ ಸಿರಿಂಜಿನಲ್ಲಿ ಎದೆಯ ಸ್ನಾಯುವಿಗೆ ಕೊಟ್ಟರು. ಬೆಚ್ಚಗೆ ಮಾಡಿದ ಸಲೈನ್ ಚರ್ಮದಡಿಗೆ. ಗರ್ಭಚೀಲವನ್ನು ಹಿಂಡಿಸುವ ಆಕ್ಸಿಟೋಸಿನ್ ಚುಚ್ಚುಮದ್ದು ಕೊಡಲೇ ಎಂದು ಅವರು ಕೇಳಿದಾಗ ಆಚೆಯಿಂದ ತಕ್ಷಣ ‘ಬೇಡ’ ಎಂದರು. ದಾರಿ ಸಡಿಲವಾಗದೆ ಗರ್ಭಚೀಲ ಹಿಂಡಿದರೆ ಅದೇ ಹರಿಯಬಹುದು. ಈ ಒಂದು ‘ಬೇಡ’ಕ್ಕಾಗಿಯೇ ಪರಿಣತರು ಫೋನಿನಲ್ಲಿರಬೇಕು. ಮೊಲ ಸಾಕಿದವರಿಗೂ ಇದೇ ಮಾತು: ನಾಯಿಗೆ ನಿಶ್ಚಿಂತೆಯಿಂದ ಕೊಡುವ ಅಮಾಕ್ಸಿಸಿಲಿನ್ ಎಂಬ ಆಂಟಿಬಯೋಟಿಕ್ ಮೊಲದ ಬಾಯಿಗೆ ಹೋದರೆ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳನ್ನು ಅಳಿಸಿ ಪ್ರಾಣವನ್ನೇ ತೆಗೆಯಬಹುದು, ಉಣ್ಣಿ ಹುಳುಗಳಿಗೆ ಹಾಕುವ ಫಿಪ್ರೊನಿಲ್ ಔಷಧಿ ಮೊಲಕ್ಕೆ ವಿಷ.

ಸಂಜೆಯೊಳಗೆ ಮೊಟ್ಟೆ ಬಾರದಿದ್ದರೆ, ಅಥವಾ ಉಸಿರಾಟ ಇನ್ನೂ ಕಷ್ಟವಾದರೆ, ಎಕ್ಸ್‌ರೇಗೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜಿಗೆ ಹೊರಡುವುದೆಂದು ಇಬ್ಬರೂ ಗಡುವು ಹಾಕಿದರು. ಕಾರಿಗೆ ಹೇಳಿಟ್ಟು ಮನೆಗೆ ಬಂದೆ. ಪೆಟ್ಟಿಗೆಯಲ್ಲಿ ಶಾಖದ ಜೊತೆ ತೇವವೂ ಇರಲೆಂದು ಒದ್ದೆ ಬಟ್ಟೆಯನ್ನು ಬಾಟಲಿಯ ಪಕ್ಕ ಇಟ್ಟೆ. ಪದೇ ಪದೇ ತೆರೆದು ನೋಡಬೇಡಿ ಎಂದಿದ್ದರು; ಹಾಗೆ ಕೂರುವುದೇ ಆ ದಿನದ ಅತಿ ಕಷ್ಟದ ಕೆಲಸ. ದೀಪ ಹಚ್ಚುವ ಹೊತ್ತಿಗೆ ಮೊಟ್ಟೆ ಬಂತು. ಚಿಪ್ಪು ಒಂದು ಕಡೆ ಮರಳು ಮೆತ್ತಿದಂತೆ ಒರಟು, ಇನ್ನೊಂದು ಕಡೆ ಬೆರಳು ತಾಗಿದರೆ ಬಗ್ಗುವಷ್ಟು ತೆಳು. ಅರ್ಧ ಗಂಟೆಯಲ್ಲಿ ಚಿನ್ನಿ ನವಣೆ ಕುಕ್ಕಿದಳು. ನಾನು ಅತ್ತುಬಿಟ್ಟೆ.

ಮತ್ತೆ ಹೀಗಾಗದಂತೆ ಮಾಡಲು ಬೆಂಗಳೂರಿನವರು ಹೇಳಿದ್ದನ್ನು ಇಂದಿಗೂ ಪಾಲಿಸುತ್ತಿದ್ದೇನೆ. ಬರೀ ಕಾಳಿನಲ್ಲಿ ಕ್ಯಾಲ್ಸಿಯಂ ಸಾಲದು. ಕಟಲ್‌ಬೋನ್ (ಹಕ್ಕಿ ಕುಕ್ಕಿ ತಿನ್ನುವ, ಕಟಲ್‌ಫಿಶ್ ಎಂಬ ಕಡಲಜೀವಿಯ ಸುಣ್ಣದ ಚಿಪ್ಪು), ನುಗ್ಗೆಸೊಪ್ಪು, ಪೆಲೆಟ್ (ಹಕ್ಕಿಗಳಿಗೆಂದೇ ತಯಾರಿಸಿದ ಗುಳಿಗೆ ಆಹಾರ) ಜೊತೆಗಿರಬೇಕು. ಬಿಸಿಲು ಬಂದ ದಿನ ಪಂಜರ ಅಂಗಳಕ್ಕೆ ಬರುತ್ತದೆ, ಏಕೆಂದರೆ ಗಾಜಿನ ಕಿಟಕಿಯನ್ನು ದಾಟಿ ಬರುವ ಬಿಸಿಲಿನಲ್ಲಿ ವಿಟಮಿನ್ ಡಿ ಹುಟ್ಟಿಸುವ ಕಿರಣವಿರುವುದಿಲ್ಲ. ಗೂಡಿನ ಮಡಕೆ ನೇತುಹಾಕುವುದಿಲ್ಲ. ಸಂಜೆಯಾದ ಮೇಲೆ ದೀಪದ ಬೆಳಕು ಅವಳ ಮೇಲೆ ಬೀಳುವುದಿಲ್ಲ. ಹಗಲು ಉದ್ದವಾದಷ್ಟೂ ಮೊಟ್ಟೆಯಿಡುವ ಹಂಬಲ ಹೆಚ್ಚು.

ನಮ್ಮ ಕಡೆ ಹಲವರು ಹಕ್ಕಿಯನ್ನು ಸರ್ಕಾರಿ ಆಸ್ಪತ್ರೆಗೆ ಒಯ್ಯಲು ಹೆದರುತ್ತಾರೆ, ಕೇಸು ಹಾಕುತ್ತಾರೆಂದು. ನಮ್ಮ ಕಾಡಿನ ಗಿಳಿಯನ್ನು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ, ನಿಜ. ಕಾಕಟೀಲ್ ಆಸ್ಟ್ರೇಲಿಯಾ ಮೂಲದ ಹಕ್ಕಿ, ಆ ನಿಷೇಧ ಅದಕ್ಕಿಲ್ಲ. ಪೆಟ್ಟಿಗೆ ಬೆಚ್ಚಗೆ ಮಾಡಿ, ತೂಕ ಬರೆದುಕೊಂಡು, ಸೀದಾ ಆಸ್ಪತ್ರೆಗೆ ಹೋಗಿ.