ಬಾಂಬ್ ದಾಳಿಯ ಸಾಕ್ಷ್ಯಚಿತ್ರವನ್ನು ನೋಡುವ ಬಗೆ

ಧಾರವಾಡದಲ್ಲಿ ನಾವು ನಾಲ್ಕೈದು ಜನ ಭಾನುವಾರ ಒಟ್ಟಿಗೆ ಕುಳಿತು ಯುದ್ಧದ ಸಾಕ್ಷ್ಯಚಿತ್ರಗಳನ್ನು ನೋಡುವಾಗ ಪಾಲಿಸುವ ಕ್ರಮವಿದು.

ಮೊದಲ ಸಲ ಧ್ವನಿಯನ್ನು ಪೂರ್ತಿ ಬಂದ್ ಮಾಡಿ ನೋಡಿರಿ. ಎರಡನೆಯ ಮಹಾಯುದ್ಧದಲ್ಲಿ ವಿಮಾನದೊಳಗಿಂದ ತೆಗೆದ ದೃಶ್ಯಗಳಲ್ಲಿ ಹೆಚ್ಚಿನವು ಮೂಕವಾಗಿದ್ದು, ನಮಗೆ ಕೇಳಿಸುವ ಸ್ಫೋಟದ ಸದ್ದು ಆಮೇಲೆ ಸ್ಟುಡಿಯೋದಲ್ಲಿ ಸೇರಿಸಿದ್ದಾಗಿರುತ್ತದೆ. ದೀಪಾವಳಿಯ ರಾತ್ರಿ ಹುಬ್ಬಳ್ಳಿಯ ನೃಪತುಂಗ ಬೆಟ್ಟದ ಮೇಲೆ ನಿಂತವರಿಗೆ, ದೂರದ ಬಾಣಬಿರುಸಿನ ಬೆಳಕು ಮೊದಲು ಕಂಡು ಸದ್ದು ತಡವಾಗಿ ಬರುವುದು ಗೊತ್ತು. ನೆಲದ ಸ್ಫೋಟದ ಸದ್ದು ಆರು ಸಾವಿರ ಮೀಟರ್ ಎತ್ತರದ ವಿಮಾನಕ್ಕೆ ತಲುಪಲು ಸುಮಾರು 18 ಸೆಕೆಂಡು ಬೇಕು. ಎಂಜಿನ್ನುಗಳ ಮೊರೆತದಲ್ಲಿ ಅದು ಕೇಳಿಸುವುದೂ ಅನುಮಾನ. ಪರದೆಯ ಮೇಲೆ ಮಾತ್ರ ಬೆಳಕು, ಸದ್ದು ಜೋಡಿಯಾಗಿಯೇ ಬರುತ್ತವೆ!

ಬಳಿಕ ವಿಮಾನವನ್ನೂ ಹೊತ್ತನ್ನೂ ತಾಳೆ ನೋಡಿರಿ. 1943ರ ಜುಲೈ 27ರ ರಾತ್ರಿ ಜರ್ಮನಿಯ ಹ್ಯಾಂಬರ್ಗ್ ನಗರವನ್ನು ಸುಟ್ಟ ಬೆಂಕಿಯ ಬಿರುಗಾಳಿ ಬ್ರಿಟಿಷ್ ದಾಳಿಯ ಫಲ; ನಿರೂಪಕ ಅದನ್ನು ವಿವರಿಸುತ್ತಿರುವಾಗ ಬಿಸಿಲಿನಲ್ಲಿ ಹೊಳೆಯುವ ಅಮೆರಿಕದ ಬಿ-17 ವಿಮಾನಗಳು ಕಂಡರೆ, ಆ ತುಣುಕು ಬೇರೆ ದಾಳಿಯದೆಂದು ಗುರುತು ಹಾಕಿಕೊಳ್ಳಿರಿ.

ಸಾವಿನ ಸಂಖ್ಯೆಯನ್ನೂ ಪರಿಶೀಲಿಸಬೇಕು. 1945ರ ಫೆಬ್ರವರಿಯಲ್ಲಿ ಜರ್ಮನಿಯ ಡ್ರೆಸ್ಡೆನ್ ನಗರದ ಮೇಲಾದ ದಾಳಿಯಲ್ಲಿ ಸತ್ತವರು ಹೆಚ್ಚೆಂದರೆ 25,000 ಎಂದು ಆ ನಗರವು ನೇಮಿಸಿದ ಇತಿಹಾಸಕಾರರ ಆಯೋಗ 2010ರಲ್ಲಿ ವರದಿ ಮಾಡಿತು. ಲಕ್ಷ ದಾಟುವ ಹಳೆಯ ಅಂಕಿಯನ್ನೇ ಹೇಳುವ ಚಿತ್ರದ ಉಳಿದ ಮಾತನ್ನು ನಾನು ಸುಲಭವಾಗಿ ನಂಬುವುದಿಲ್ಲ.

ಕೊನೆಯ ಸಲ, ಕ್ಯಾಮೆರಾ ವಿಮಾನದೊಳಗಲ್ಲದೆ ನೆಲದ ಮೇಲೆ, ಬಾಂಬಿಗೆ ಸಿಕ್ಕ ಜನರ ನಡುವೆ, ಎಷ್ಟು ನಿಮಿಷ ಇತ್ತೆಂದು ಗಡಿಯಾರ ಹಿಡಿದು ಬರೆದಿಡಿರಿ.