ಎತ್ತರಿಸಿದ ಜೀಪಿನ ಶಾಫ್ಟ್ ನಡುಕ: ನಾನು ಸರಿಮಾಡಿದ ಬಗೆ

ಜೀಪು ಎತ್ತರಿಸಿದ ಮೇಲೆ ಪ್ರೊಪೆಲ್ಲರ್ ಶಾಫ್ಟ್ (ಗೇರ್‌ಬಾಕ್ಸ್ ಕಡೆಯಿಂದ ಆಕ್ಸಲ್ಲಿಗೆ ಬಲ ಒಯ್ಯುವ, ತಿರುಗುವ ದಂಡ) ನಡುಗಿದರೆ ಹೆಚ್ಚಿನವರು ಮೊದಲು ಅದನ್ನು ಬಿಚ್ಚಿ ಬ್ಯಾಲೆನ್ಸಿಂಗಿಗೆ, ಅಂದರೆ ಸುತ್ತಲೂ ತೂಕ ಸಮ ಮಾಡಿಸಲು, ಕೊಡುತ್ತಾರೆ. ಎತ್ತರಿಸುವ ಮುಂಚೆ ನಡುಕ ಇರಲಿಲ್ಲ ಎಂದಾದರೆ ಬದಲಾದದ್ದು ಶಾಫ್ಟಿನ ತೂಕವಲ್ಲ, ಕೋನ. ಹಾಗಾಗಿ ಬ್ಯಾಲೆನ್ಸಿಂಗನ್ನು ನಾನು ಕೊನೆಗೆ ಇಟ್ಟುಕೊಂಡೆ.

ಅದಕ್ಕೂ ಮೊದಲು ತೊಳೆಯಬೇಕು. ಮಲೆನಾಡಿನ ಕೆಂಪು ಜೇಡಿ ರಿಮ್ಮಿನ ಒಳಮೈಗೆ ಹಿಡಿದು ಒಣಗಿದರೆ ಅದೊಂದೇ ಸಾಕು ನಡುಗಿಸಲು. ಆಮೇಲೆ ನಡುಕ ಎಲ್ಲಿಯದೆಂದು ನೋಡಬೇಕು. 235/75 ಆರ್15 ಟಯರು 60 ಕಿ.ಮೀ. ವೇಗದಲ್ಲಿ ಸೆಕೆಂಡಿಗೆ ಸುಮಾರು 7 ಸುತ್ತು ತಿರುಗುತ್ತದೆ; ಕ್ರೌನ್ ಪಿನಿಯನ್ (ಶಾಫ್ಟಿನ ತಿರುಗುವಿಕೆಯನ್ನು ಚಕ್ರಕ್ಕೆ ಕೊಡುವ, ಆಕ್ಸಲ್ಲಿನೊಳಗಿನ ಹಲ್ಲುಚಕ್ರಗಳು) ಅನುಪಾತ 4.88 ಇದ್ದರೆ ಶಾಫ್ಟು 35 ಸುತ್ತು. ಟಯರಿನದು ಸೀಟು ಅಲುಗಿಸುವ ಕುಲುಕಾಟ, ಶಾಫ್ಟಿನದು ಕಾಲಡಿಯ ತಗಡಿನಲ್ಲಿ ಗುಂಯ್‌ಗುಡುವ ಸದ್ದು. ಆಕ್ಸಿಲರೇಟರ್ ಒತ್ತಿದಾಗ ಒಂದು ಥರ, ಬಿಟ್ಟಾಗ ಇನ್ನೊಂದು ಥರ ಇದ್ದರೆ ಕೋನದ ಮೇಲೇ ಅನುಮಾನ ಪಡಬೇಕು. ಮುಂದಿನ ಶಾಫ್ಟನ್ನು ಬಿಚ್ಚಿಟ್ಟು ಎರಡೇ ಚಕ್ರದ ಬಲದಲ್ಲಿ ಓಡಿಸಿ ನೋಡಿದೆ. ನಡುಕ ಹಾಗೇ ಇತ್ತು. ಅಂದರೆ ತೊಂದರೆ ಹಿಂದಿನದರಲ್ಲಿ.

ಶಾಫ್ಟಿನ ಎರಡೂ ತುದಿಯಲ್ಲಿ ಕೀಲಿನಂತಿರುವ ಕ್ರಾಸ್ ಜಾಯಿಂಟು ಬಾಗಿಕೊಂಡು ತಿರುಗುವಾಗ ಒಂದೊಂದು ಸುತ್ತಿನಲ್ಲೂ ವೇಗ ಎರಡು ಸಲ ಏರಿ ಎರಡು ಸಲ ಇಳಿಯುತ್ತದೆ. ಮುಂದಿನ ಜಾಯಿಂಟಿನ ಏರಿಳಿತವನ್ನು ಹಿಂದಿನದು ಅಳಿಸಿಹಾಕಬೇಕಾದರೆ ಎರಡರ ಕೋನವೂ ಸಮ ಇರಬೇಕು, ಶಾಫ್ಟಿನ ಎರಡೂ ತುದಿಯ ಯೋಕುಗಳು (ಜಾಯಿಂಟನ್ನು ಹಿಡಿಯುವ ಕವಲುಗಳು) ಒಂದೇ ನೇರದಲ್ಲಿ ಇರಬೇಕು. ಸ್ಪ್ಲೈನ್ (ಶಾಫ್ಟಿನ ಎರಡು ತುಂಡು ಒಂದರೊಳಗೊಂದು ಜಾರುವ ಹಲ್ಲಿನ ಭಾಗ) ಜೋಡಿಸುವಾಗ ಒಂದು ಹಲ್ಲು ತಪ್ಪಿದರೂ ನಡುಕ ಬರುತ್ತದೆ. ಬಿಚ್ಚುವ ಮೊದಲೇ ಎರಡೂ ಕಡೆ ಪೇಂಟಿನ ಗುರುತು ಹಾಕಿ.

ಅಳತೆಗೆ ಡಿಜಿಟಲ್ ಆಂಗಲ್ ಗೇಜ್ ಬಳಸಿದೆ. ಅಡಿಕೆ ಒಣಗಿಸುವ ಸಿಮೆಂಟ್ ಅಂಗಳ ಸಾಕು. ಅಂಗಳಕ್ಕೆ ಸ್ವಲ್ಪ ಇಳಿಜಾರು ಇದ್ದರೂ ಪರವಾಗಿಲ್ಲ, ನಮಗೆ ಬೇಕಾದದ್ದು ಕೋನಗಳ ನಡುವಿನ ವ್ಯತ್ಯಾಸ ಮಾತ್ರ. ಆದರೆ ಜೀಪಿನ ಭಾರ ಚಕ್ರಗಳ ಮೇಲೇ ಇರಬೇಕು. ಚಾಸಿಗೆ ಜಾಕ್ ಕೊಟ್ಟು ಆಕ್ಸಲ್ ಜೋತಾಡುವಾಗ ತೆಗೆದ ಅಳತೆ ಕೆಲಸಕ್ಕೆ ಬಾರದು. ಸಿಕ್ಕಿದ ಲೆಕ್ಕ ಹೀಗಿತ್ತು: ಟ್ರಾನ್ಸ್‌ಫರ್ ಕೇಸಿನ (ಗೇರ್‌ಬಾಕ್ಸಿನ ಬಲವನ್ನು ಮುಂದಿನ, ಹಿಂದಿನ ಶಾಫ್ಟಿಗೆ ಹಂಚುವ ಪೆಟ್ಟಿಗೆ) ಔಟ್‌ಪುಟ್ ಹಿಂದಕ್ಕೆ 3 ಡಿಗ್ರಿ ಇಳಿಜಾರು, ಶಾಫ್ಟು 15 ಡಿಗ್ರಿ, ಪಿನಿಯನ್ ಮೂತಿ (ಆಕ್ಸಲ್ಲಿಗೆ ಶಾಫ್ಟು ಸೇರುವ ತುದಿ) ಮೇಲಕ್ಕೆ 8 ಡಿಗ್ರಿ. ಮುಂದಿನ ಜಾಯಿಂಟಿಗೆ 12, ಹಿಂದಿನದಕ್ಕೆ 7. ಐದು ಡಿಗ್ರಿ ವ್ಯತ್ಯಾಸ. 1 ಡಿಗ್ರಿಯ ಒಳಗೆ ಇರಬೇಕಾದದ್ದು ಅದು.

ತಪ್ಪಿನ ಒಂದು ಪಾಲು, ಸ್ಪ್ರಿಂಗಿನ ತುದಿಯನ್ನು ಚಾಸಿಗೆ ಜೋಡಿಸುವ ಉದ್ದದ ಶಾಕಲ್‌ನದು. ಲಿಫ್ಟ್ ಸ್ಪ್ರಿಂಗಿನ ಜೊತೆಗೆ 50 ಮಿ.ಮೀ. ಉದ್ದ ಹೆಚ್ಚಿಸಿದ ಶಾಕಲ್ ಹಾಕಲಾಗಿತ್ತು. ಅದರಿಂದ ಎತ್ತರ ಸಿಗುವುದು ಅರ್ಧ, 25 ಮಿ.ಮೀ. ಮಾತ್ರ, ಬದಲಿಗೆ ಸ್ಪ್ರಿಂಗ್ ಓರೆಯಾಗಿ ಪಿನಿಯನ್ ಮೂತಿ ಎದ್ದುಬಿಡುತ್ತದೆ. ಇಷ್ಟು ಉದ್ದದ ಶಾಕಲ್ಲನ್ನು ನಾನು ಯಾರಿಗೂ ಹೇಳುವುದಿಲ್ಲ. ಹಳೇ ಅಳತೆಯದನ್ನು ಹಾಕಿದಾಗ ಪಿನಿಯನ್ 5.5ಕ್ಕೆ, ಶಾಫ್ಟು 12.5ಕ್ಕೆ ಬಂತು. ಸುಮಾರು 60 ಸೆಂ.ಮೀ. ಉದ್ದದ ಗಿಡ್ಡ ಶಾಫ್ಟಿಗೆ 25 ಮಿ.ಮೀ. ಎತ್ತರವೆಂದರೆ ಎರಡೂವರೆ ಡಿಗ್ರಿ.

ಬರೀ ಸಮ ಆದರೆ ಸಾಲದು, ಕೋನ ಚಿಕ್ಕದೂ ಇರಬೇಕು. 2000 ಆರ್‌ಪಿಎಮ್‌ಗೆ ಜಾಯಿಂಟು ತಡೆಯುವ ಮಿತಿ ಸುಮಾರು 8.7 ಡಿಗ್ರಿ, 3000ಕ್ಕೆ 5.8. ಅದಕ್ಕಾಗಿ ಗೇರ್‌ಬಾಕ್ಸ್ ಕ್ರಾಸ್ ಮೆಂಬರಿಗೂ (ಗೇರ್‌ಬಾಕ್ಸನ್ನು ಹೊತ್ತ ಅಡ್ಡಪಟ್ಟಿ) ಚಾಸಿಗೂ ನಡುವೆ 20 ಮಿ.ಮೀ. ಸ್ಪೇಸರ್ ಕೊಟ್ಟು ಇಳಿಸಿದೆ. ಔಟ್‌ಪುಟ್ 4 ಡಿಗ್ರಿ, ಶಾಫ್ಟು 10.5 ಆಯಿತು. ಇಳಿಸುವಾಗ ರೇಡಿಯೇಟರ್ ಫ್ಯಾನು ಸುತ್ತಲಿನ ಶ್ರೌಡಿಗೆ ತಾಗುತ್ತದೆಯೇ, ಹೋಸ್ ಎಳೆಯುತ್ತದೆಯೇ, ಗೇರು ಪೂರ್ತಿ ಬೀಳುತ್ತದೆಯೇ ನೋಡಲೇಬೇಕು.

ಇನ್ನು ಬೆಣೆ, ಅಂದರೆ ಸ್ಪ್ರಿಂಗಿಗೂ ಆಕ್ಸಲ್ಲಿಗೂ ನಡುವೆ ಇಡುವ ಓರೆ ತುಂಡು. ಲೀಫ್ ಸ್ಪ್ರಿಂಗ್ ಇದ್ದಲ್ಲಿ ಎಳೆತಕ್ಕೆ ಪಿನಿಯನ್ ಮೂತಿ ಒಂದೆರಡು ಡಿಗ್ರಿ ಮೇಲೇಳುವುದರಿಂದ, ನಿಂತಾಗ ಅದನ್ನು ಔಟ್‌ಪುಟ್‌ಗಿಂತ 1.5 ಡಿಗ್ರಿ ತಗ್ಗಿಸಿ 2.5ಕ್ಕೆ ಇಟ್ಟೆ. ಇದಕ್ಕೆ ಬೇಕಾದದ್ದು 3 ಡಿಗ್ರಿ ಬೆಣೆ: 100 ಮಿ.ಮೀ. ಉದ್ದಕ್ಕೆ ಒಂದು ತುದಿ ಇನ್ನೊಂದಕ್ಕಿಂತ 5.2 ಮಿ.ಮೀ. ದಪ್ಪ. ಶಿವಮೊಗ್ಗದ ಆಟೋ ಕಾಂಪ್ಲೆಕ್ಸಿನಲ್ಲಿ ಉಕ್ಕಿನದೇ ಮಾಡಿಸಿದೆ. ಅಲ್ಯೂಮಿನಿಯಂ ಬೇಡ, ಕಲ್ಲು ದಾರಿಯಲ್ಲಿ ಒಡೆಯುತ್ತದೆ. ಸ್ಪ್ರಿಂಗು ಆಕ್ಸಲ್ಲಿನ ಕೆಳಗಿದ್ದರೆ ಮೂತಿ ತಗ್ಗಿಸಲು ದಪ್ಪ ತುದಿ ಹಿಂದಕ್ಕೆ, ಸ್ಪ್ರಿಂಗು ಆಕ್ಸಲ್ಲಿನ ಮೇಲಿದ್ದರೆ ಮುಂದಕ್ಕೆ. ತಿರುಗಾಮುರುಗಾ ಹಾಕಿ ಕೋನ ದುಪ್ಪಟ್ಟು ಕೆಡಿಸಿಕೊಂಡ ಜೀಪುಗಳಿವೆ. ಸ್ಪ್ರಿಂಗಿನ ಪಟ್ಟಿಗಳನ್ನು ಹಿಡಿದಿಡುವ ಸೆಂಟರ್ ಬೋಲ್ಟಿನ ತಲೆ ಬೆಣೆ ದಾಟಿ ಆಕ್ಸಲ್ ಪ್ಯಾಡಿನ ತೂತಿನಲ್ಲಿ ಕೂರಬೇಕು. ಗಿಡ್ಡವಾದರೆ ಉದ್ದ ತಲೆಯದು ಹಾಕಿ, ಇಲ್ಲವಾದರೆ ಆಕ್ಸಲ್ ಜಾರುತ್ತದೆ. ಸ್ಪ್ರಿಂಗನ್ನು ಆಕ್ಸಲ್ಲಿಗೆ ಬಿಗಿಯುವ ಯು ಬೋಲ್ಟ್ ಹೊಸವೇ ಬೇಕು.

ಶಾಫ್ಟ್ ಹೇಗೂ ಕೆಳಗಿಳಿದಿದ್ದರಿಂದ ಕ್ರಾಸುಗಳನ್ನೂ ಬದಲಿಸಿದೆ. ಕಪ್ ಒತ್ತುವಾಗ ಒಂದು ಸೂಜಿ ರೋಲರ್ ಅಡ್ಡ ಬಿದ್ದರೂ ಸರ್ಕ್ಲಿಪ್ ಕೂರುವುದಿಲ್ಲ. ಸುತ್ತಿಗೆಯಲ್ಲಿ ಬಡಿದು ಕೂರಿಸಲು ಹೋಗದೆ ಬಿಚ್ಚಿ ಸರಿ ಮಾಡಿ. ಗ್ರೀಸು ನಾಲ್ಕೂ ಕಪ್ಪಿನಿಂದ ಹೊರಬರುವವರೆಗೆ ಹೊಡೆಯಬೇಕು. ಆಮೇಲೆ ಆಕ್ಸಲ್ ಪೂರ್ತಿ ಜೋತಾಡಿಸಿ ಸ್ಪ್ಲೈನ್ ಎಷ್ಟು ಒಳಗೆ ಉಳಿದಿದೆ ಅಳೆಯಿರಿ. 50 ಮಿ.ಮೀ.ಗಿಂತ ಕಡಿಮೆಯಾಗಲು ನಾನು ಬಿಡುವುದಿಲ್ಲ.

ಗಾಜನೂರು ಕಡೆಯ ರಸ್ತೆಯಲ್ಲಿ 60ರಲ್ಲಿ ಓಡಿಸಿದಾಗ ಗುಂಯ್‌ಗುಡುವುದು ನಿಂತಿತ್ತು. 70ರ ಹತ್ತಿರ ಉಳಿದ ಸಣ್ಣ ನಡುಕವೇ ನಿಜವಾದ ಬ್ಯಾಲೆನ್ಸಿನದು. ಶಾಫ್ಟಿನ ಹಿಂತುದಿಗೆ ಎರಡು ಹೋಸ್ ಕ್ಲಿಪ್ ಬಿಗಿದು, ಸ್ಕ್ರೂ ತಲೆಗಳನ್ನು ಸ್ವಲ್ಪ ಸ್ವಲ್ಪವೇ ಸರಿಸುತ್ತಾ ನಡುಕ ಅತಿ ಕಡಿಮೆಯಾಗುವ ಜಾಗ ಹಿಡಿದೆ. ಯು ಬೋಲ್ಟುಗಳನ್ನು 100 ಕಿ.ಮೀ. ಓಡಿದ ಮೇಲೆ ಒಮ್ಮೆ, 500 ಆದ ಮೇಲೆ ಇನ್ನೊಮ್ಮೆ ಬಿಗಿಯಬೇಕು. ಕಟ್ಟಿನಹೊಳೆಯಿಂದ ಕೊಡಚಾದ್ರಿ ಹತ್ತುವಂಥ ದಾರಿಯಲ್ಲಿ ನೀರು ದಾಟಿ ಬಂದ ದಿನವೇ ಕ್ರಾಸಿಗೆ ಗ್ರೀಸು ಹೊಡೆಯಿರಿ.