ಒಂದೇ ಕೊಪ್ಪರಿಗೆಯಿಂದ ಎಲ್ಲರ ನೇಮಕ್ಕೂ ಊಟ: ನನ್ನ ಅನುಭವ

ಹುಬ್ಬಳ್ಳಿ-ಧಾರವಾಡದ ಸುತ್ತ ಮದುವೆ ಅಡುಗೆಯ ಗುತ್ತಿಗೆ ಹಿಡಿಯುವವರಿಗೆ ಈ ಸಂಕಟ ಹೊಸದಲ್ಲ. ಒಂದೇ ಮಂಟಪದಲ್ಲಿ ಗೆಡ್ಡೆಗಳನ್ನು ಮುಟ್ಟದ ಜೈನರು, ಉಳ್ಳಾಗಡ್ಡಿ-ಬೆಳ್ಳುಳ್ಳಿ ಬಿಟ್ಟವರು, ಅವೆರಡಿಲ್ಲದೆ ಸಾಂಬಾರು ರುಚಿಸುವುದೇ ಇಲ್ಲ ಎನ್ನುವವರು, ಹಾಲು-ತುಪ್ಪವನ್ನೂ ಒಲ್ಲೆನೆನ್ನುವ ವೀಗನ್ ಯುವಕರು ಒಟ್ಟಿಗೆ ಕೂರುತ್ತಾರೆ. ಇವರೆಲ್ಲರಿಗೂ ಒಂದೇ ಕೊಪ್ಪರಿಗೆಯ ಸಾಂಬಾರು ಬಡಿಸುತ್ತೇನೆಂದು ನಾನು ಹೇಳಿದಾಗ, ನೇಮದವರು ನಂಬುವುದಿಲ್ಲ, ನೇಮವಿಲ್ಲದವರು ಮೆಚ್ಚುವುದಿಲ್ಲ ಎಂದು ವೃತ್ತಿಯ ಹಿರಿಯರು ಎಚ್ಚರಿಸಿದ್ದರು. ಈಗ ಕೆಲವು ವರ್ಷಗಳಿಂದ ಈ ಕ್ರಮ ಸರಾಗವಾಗಿ ನಡೆಯುತ್ತಿದೆ. ಅಂದು ಎಚ್ಚರಿಸಿದವರಲ್ಲಿ ಇಬ್ಬರು ತಮ್ಮ ಹುಡುಗರನ್ನು ಕಲಿಯಲೆಂದು ನನ್ನ ಬಳಿಗೆ ಕಳಿಸಿದ್ದಾರೆ.

ಮೊದಲು ನಾನೂ ಎಲ್ಲರಂತೆ ಬೇರೆ ಒಲೆ, ಬೇರೆ ಪಾತ್ರೆ, ಬೇರೆ ಅಡುಗೆಯವರನ್ನು ಇಟ್ಟಿದ್ದೆ. ಆರು ನೂರು ಎಲೆಯ ಮದುವೆಗೆ ಇಬ್ಬರು ಅಡುಗೆಯವರು, ಸಹಾಯಕರು, ಹೆಚ್ಚಿನ ಗ್ಯಾಸ್ ಎಲ್ಲ ಸೇರಿ ಸುಮಾರು ಹದಿನೆಂಟು ಸಾವಿರ, ಅಂದರೆ ಎಲೆಗೆ ಮೂವತ್ತು ರೂಪಾಯಿ ಹೆಚ್ಚು ಬೀಳುತ್ತಿತ್ತು. ಅದಕ್ಕಿಂತ ದೊಡ್ಡ ನಷ್ಟ ಉಳಿಕೆಯದು. ನೂರು ಜನ ಜೈನರು ಬರುತ್ತಾರೆಂದು ಯಜಮಾನರು ಹೇಳಿದರೆ ಕೆಲವೊಮ್ಮೆ ನಲವತ್ತು, ಕೆಲವೊಮ್ಮೆ ನೂರೈವತ್ತು ಜನ ಬರುತ್ತಿದ್ದರು. ಒಂದು ಕಡೆ ಪಾತ್ರೆ ಬರಿದಾಗಿ ಇನ್ನೊಂದು ಕಡೆ ಅಡುಗೆ ಹಳಸುತ್ತಿತ್ತು. ಬಫೆಯಲ್ಲಿ ಫಲಕ ಹಾಕಿ ಬೇರ್ಪಡಿಸುವ ಪ್ರಯತ್ನವೂ ಫಲಿಸಲಿಲ್ಲ, ಏಕೆಂದರೆ ಜನಜಂಗುಳಿಯಲ್ಲಿ ಒಂದು ಪಾತ್ರೆಯ ಸೌಟು ಇನ್ನೊಂದಕ್ಕೆ ಹೋದುದನ್ನು ಒಬ್ಬರು ಕಂಡರೆ ಸಾಕು, ಆ ಮನೆತನದವರೆಲ್ಲ ಹಣ್ಣು ತಿಂದು ಎದ್ದುಹೋಗುತ್ತಿದ್ದರು.

ಕೊನೆಗೆ ಫಲಿಸಿದ್ದು ಕ್ರಮವನ್ನೇ ತಿರುಗಿಸುವ ಉಪಾಯ. ಬೆರೆತದ್ದನ್ನು ತೆಗೆಯಲಾಗದು, ಬೇಕಾದದ್ದನ್ನು ಆಮೇಲೆ ಬೆರೆಸಬಹುದು. ಆದ್ದರಿಂದ ಎಲ್ಲರಿಗಿಂತ ಕಟ್ಟುನಿಟ್ಟಾದವರ ನೇಮಕ್ಕೆ ತಕ್ಕಂತೆ ಇಡೀ ಸಾಂಬಾರನ್ನು ಮೊದಲು ಮಾಡುತ್ತೇನೆ: ಬಟ್ಟೆಯಲ್ಲಿ ಸೋಸಿದ ನೀರು, ತೊಗರಿಬೇಳೆ, ಸಿಹಿಗುಂಬಳ, ಸೌತೆ, ಹಸಿ ಶುಂಠಿಯ ಬದಲು ಒಣ ಶುಂಠಿ, ತುಪ್ಪದ ಬದಲು ಎಣ್ಣೆ. ಬದನೆಯನ್ನು ಹಲವರು ಒಲ್ಲರಾದ್ದರಿಂದ ಅದನ್ನು ಈ ಮೂಲ ಸಾಂಬಾರಿನಲ್ಲಿ ಹಾಕುವುದಿಲ್ಲ. ಇದರಲ್ಲಿ ನೇಮದವರ ಪಾಲನ್ನು ತೆಗೆದು ಮುಚ್ಚಿಟ್ಟ ಮೇಲೆಯೇ ಉಳ್ಳಾಗಡ್ಡಿಯ ಚೀಲ ಅಡುಗೆಮನೆಯೊಳಗೆ ಬರುತ್ತದೆ. ಸೂರ್ಯಾಸ್ತಕ್ಕೆ ಮೊದಲೇ ಉಣ್ಣುವ ಜೈನ ಹಿರಿಯರಿಗೆ ಇದರಿಂದ ಇನ್ನೊಂದು ಅನುಕೂಲವಾಯಿತು. ಡಿಸೆಂಬರಿನಲ್ಲಿ ಆರು ಗಂಟೆಯ ಆಸುಪಾಸಿಗೆ ಹೊತ್ತು ಮುಳುಗುವುದರಿಂದ, ನಾಲ್ಕೂವರೆಗೆಲ್ಲ ಸಿದ್ಧವಾಗುವ ಈ ಮೊದಲ ಪಾಲು ಅವರ ಪಂಕ್ತಿಗೆ ಬಿಸಿಯಾಗಿಯೇ ಸಿಗುತ್ತದೆ. ಜನ ಹೆಚ್ಚಾದರೆ ಮೂಲದಿಂದ ಇನ್ನೊಂದು ಬೋಗುಣಿ ತೆಗೆದಿಡುತ್ತೇನೆ, ಕಡಿಮೆಯಾದರೆ ಉಳಿದದ್ದು ಒಗ್ಗರಣೆ ಪಡೆದು ಉಳಿದವರ ಪಂಕ್ತಿಗೆ ಹೋಗುತ್ತದೆ.

ರುಚಿಯ ವಿಷಯದಲ್ಲಿ ಮಾತ್ರ ಬಹಳ ಕಾಲ ಒದ್ದಾಡಬೇಕಾಯಿತು. ಬೆಂದ ಸಾಂಬಾರಿಗೆ ಆಮೇಲೆ ಹಾಕಿದ ಉಳ್ಳಾಗಡ್ಡಿ ಹಸಿ ವಾಸನೆ ಬಿಡುತ್ತಿತ್ತು, ಹೆಚ್ಚು ಕುದಿಸಿದರೆ ತರಕಾರಿ ಕರಗುತ್ತಿತ್ತು. ಉಳ್ಳಾಗಡ್ಡಿ-ಬೆಳ್ಳುಳ್ಳಿಯನ್ನು ಬೇರೆ ಬಾಣಲೆಯಲ್ಲಿ ಚೆನ್ನಾಗಿ ಕೆಂಪಗೆ ಹುರಿದು, ಅದೇ ಎಣ್ಣೆಯಲ್ಲಿ ಸಾಂಬಾರು ಪುಡಿಯ ಒಂದು ಭಾಗವನ್ನು ಬಾಡಿಸಿ, ಮೂಲದ ಒಂದೆರಡು ಸೌಟು ಬೆರೆಸಿ ಕುದಿಸಿದ ಮೇಲೆ ಕೊಪ್ಪರಿಗೆಗೆ ಸುರಿದಾಗ ಆ ದೋಷ ನಿಂತಿತು. ಮೂಲದ ಸಾಂಬಾರಿಗೆ ಉಳ್ಳಾಗಡ್ಡಿಯಿಲ್ಲದೆಯೇ ಮೈ ಕೊಡುವ ಹುರಿದ ಪುಡಿಯ ಅಳತೆಯನ್ನು ನಾನು ಯಾರಿಗೂ ಹೇಳಿಲ್ಲ, ಇಲ್ಲಿಯೂ ಹೇಳುವುದಿಲ್ಲ.

ಇಂಗಿನ ವಿಷಯವನ್ನು ಮಾತ್ರ ಎಲ್ಲರಿಗೂ ತಿಳಿಸಲೇಬೇಕು. ಗೋಧಿ ಒಗ್ಗದ ಹುಡುಗನೊಬ್ಬನ ತಾಯಿ ಒಮ್ಮೆ ಇಂಗಿನ ಡಬ್ಬಿ ಕೇಳಿ ಓದಿದರು. ಅದರಲ್ಲಿ ಗೋಧಿ ಹಿಟ್ಟು ಇತ್ತು. ಪೇಟೆಯ ಕೂಟು ಇಂಗಿನಲ್ಲಿ ಹಿಟ್ಟು, ಗೋಂದು ಬೆರೆತಿರುವುದು ಸಾಮಾನ್ಯ. ಏಕಾದಶಿಯಂದು ಧಾನ್ಯ ಬಿಟ್ಟವರಿಗೂ ಈ ಹಿಟ್ಟು ಸಲ್ಲದು. ಅಂದಿನಿಂದ ಅಕ್ಕಿ ಹಿಟ್ಟಿನ ಇಂಗನ್ನು ಒಂದು ಡಬ್ಬಿಯಲ್ಲಿ, ಹಿಟ್ಟಿಲ್ಲದ ಇಂಗನ್ನು ಇನ್ನೊಂದರಲ್ಲಿ ಇಟ್ಟುಕೊಂಡಿದ್ದೇನೆ. ಬೆಲೆ ಬಹಳ ಹೆಚ್ಚು, ಆದರೆ ಚಿಟಿಕೆಯ ಲೆಕ್ಕದಲ್ಲಿ ಭಾರವಾಗುವುದಿಲ್ಲ.

ಪಕ್ಕದಲ್ಲಿ ಬೇರೆ ಪ್ರಯೋಗಗಳೂ ನಡೆದವು. ವೀಗನ್‌ರಿಗಾಗಿ ಶೇಂಗಾ ಹಾಲಿಗೆ ಹಸಿಮೆಣಸಿನಕಾಯಿಯ ತೊಟ್ಟು ಹಾಕಿ ಹೆಪ್ಪುಗಟ್ಟಿಸಿದೆ. ಚಳಿಗಾಲದಲ್ಲಿ ಪರವಾಗಿಲ್ಲ, ಬೇಸಿಗೆಯಲ್ಲಿ ನೀರೊಡೆದು ಹುಳಿ ಮೀರುತ್ತದೆ, ಆದ್ದರಿಂದ ಈಗ ಅವರಿಗೆ ತೆಂಗಿನ ಹಾಲು-ಕೋಕಂ ಬೆರೆಸಿದ ಸೊಲ್ಕಡಿಯನ್ನೇ ಕೊಡುತ್ತೇನೆ. ಆಲೂಗಡ್ಡೆಯ ಬದಲು ಬಾಳೆಕಾಯಿಯ ಬೋಂಡಾ ಎಲ್ಲರಿಗೂ ಹಿಡಿಸಿತು, ಎಣ್ಣೆ ಮಾತ್ರ ಸ್ವಲ್ಪ ಹೆಚ್ಚು ಕುಡಿಯುತ್ತದೆ.

ನಂಬಿಕೆ ಗಳಿಸಿದ ಬಗೆಯನ್ನು ಹೇಳದಿದ್ದರೆ ಈ ಬರಹ ಪೂರ್ತಿಯಾಗದು. ಮನೆಯ ಹಿರಿಯರೊಬ್ಬರನ್ನು ಮೊದಲ ಪಾಲು ತೆಗೆಯುವ ಹೊತ್ತಿಗೆ ಅಡುಗೆಮನೆಗೆ ಕರೆಯುತ್ತೇನೆ, ಅವರೆದುರಿಗೇ ಪಾತ್ರೆ ಮುಚ್ಚಿಸುತ್ತೇನೆ, ಅದನ್ನು ಬಡಿಸುವವರು ಉಳಿದ ಪಂಕ್ತಿಗೆ ಹೋಗುವುದಿಲ್ಲ. ಅವರ ನೇಮ ಸರಿಯೇ ಎಂದು ಚರ್ಚಿಸುವ ಅಡುಗೆಯವನನ್ನು ನಾನು ಕೆಲಸದಲ್ಲಿ ಇಟ್ಟುಕೊಳ್ಳುವುದಿಲ್ಲ. ಮಡಿಯಲ್ಲಿಯೇ ಬೇಯಿಸಬೇಕೆನ್ನುವವರಿಗೆ ಈ ಕ್ರಮ ಹೊಂದದು, ಅಂತಹ ಕಾರ್ಯವನ್ನು ಮಡಿ ಅಡುಗೆಯವರಿಗೇ ಬಿಟ್ಟುಕೊಡುತ್ತೇನೆ. ಈಗ ಆರು ನೂರು ಎಲೆಗೆ ಹೆಚ್ಚುವರಿ ಖರ್ಚು ಮೂರು ಸಾವಿರದ ಸುತ್ತ ನಿಂತಿದೆ. ಮುಂದಿನ ಹಂಗಾಮಿಗೆ ಸಕ್ಕರೆ ಕಾಯಿಲೆಯವರಿಗಾಗಿ ನವಣೆಯ ಬಿಸಿಬೇಳೆಬಾತನ್ನೂ ಇದೇ ಮೂಲದಿಂದ ಮಾಡಬೇಕೆಂದಿದ್ದೇನೆ. ಆರಿದ ಮೇಲೆ ಅದು ಗಟ್ಟಿಯಾಗುವುದನ್ನು ತಡೆಯುವ ನೀರಿನ ಅಳತೆ ಇನ್ನೂ ಹದಕ್ಕೆ ಬಂದಿಲ್ಲ.